ಹರವಿಯ ಮಗ್ಗುಲಿನ ಹೂಜಿ ಗಿಡ

ಮೊದಲ ಹೂಜಿ ಗಿಡ ನನ್ನ ಕೈಯಲ್ಲಿ ಸತ್ತದ್ದು 2016ರ ಮೇ ತಿಂಗಳಲ್ಲಿ. ಪುಣೆಯಲ್ಲಿದ್ದ ಮಗ ಅಲ್ಲಿನ ಒಂದು ನರ್ಸರಿಯಿಂದ ತಂದಿದ್ದ. ಗೇಣುದ್ದದ ಗಿಡ, ಆರು ಎಲೆ, ಹುಳ ಹಿಡಿಯುವ ಎರಡು ಹೂಜಿ. ಬೈಲಹೊಂಗಲದ ನಮ್ಮ ಹಿತ್ತಲಲ್ಲಿ ಬೇವಿನ ಗಿಡದ ನೆರಳಿಗೆ ಇಟ್ಟು, ಬಿಸಿಲು ಕಾಲ ಅಂತ ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಪೈಪಿನಿಂದ ನೀರು ಬಿಟ್ಟೆ. ಬೇರೆ ಯಾವ ಗಿಡಕ್ಕೂ ಅಷ್ಟು ಉಪಚಾರ ಮಾಡಿದವಳಲ್ಲ. ಹತ್ತು ದಿನಕ್ಕೆ ಹೂಜಿಗಳು ಬಾಯಿಯ ಕಡೆಯಿಂದ ಒಣಗುತ್ತ ಬಂದವು. ಇಪ್ಪತ್ತು ದಿನಕ್ಕೆ ಎಲೆಯ ಅಂಚು ಸುಟ್ಟ ಹಾಗೆ ಕಂದಿತು. ಕುಂಡದ ಅಂಚಿಗೆ ಬಿಳಿಯ ಪೊರೆ ಕಟ್ಟಿತ್ತು, ಉಗುರಿನಿಂದ ಕೆರೆದರೆ ಹಿಟ್ಟಿನಂತೆ ಉದುರುತ್ತಿತ್ತು. ಗಿಡ ಕಿತ್ತು ನೋಡಿದೆ. ಹೂಜಿ ಗಿಡದ ಬೇರು ಹುಟ್ಟಿನಿಂದಲೇ ಕಪ್ಪು, ಕೂದಲಿನಷ್ಟು ಸಪೂರ. ಬದುಕಿದ್ದು ಯಾವುದು, ಸತ್ತದ್ದು ಯಾವುದು ಅಂತ ಬಣ್ಣ ನೋಡಿ ಹೇಳಲಾಗುವುದಿಲ್ಲ. ಬೆರಳು ತಾಗಿಸಿದೆ, ಎಲ್ಲ ಬೇರೂ ಪುಡಿಪುಡಿಯಾದವು.

ಕಟ್ಟೆಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದ ನಮ್ಮ ಅತ್ತೆಯವರು ಇದನ್ನೆಲ್ಲ ನೋಡುತ್ತಿದ್ದರು. ಅವರು ರಾಮದುರ್ಗದ ಹೆಣ್ಣುಮಗಳು, ಆಗಲೇ ಎಂಬತ್ತು ದಾಟಿತ್ತು.

“ಆ ಬೋರಿನ ನೀರಾಗ ಬ್ಯಾಳೀನ ಬೇಯೂದಿಲ್ಲ. ಗಿಡ ಹ್ಯಾಂಗ ಬದುಕತೈತಿ, ಯವ್ವಾ?” ಅಂದರು.

ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವಳು. ಗಡಸು ನೀರಿನ ಪಾಠ ಮಾಡಿದ್ದೇನೆ: ಸಾಬೂನಿಗೆ ನೊರೆ ಬಾರದ ನೀರು, ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ. ಅದೇ ಹಲಗೆಯ ಮೇಲೆ ಹೂಜಿ ಗಿಡದ ಚಿತ್ರವನ್ನೂ ಬರೆದಿದ್ದೇನೆ: ಎಲೆ, ಎಲೆಯ ತುದಿಗೆ ಬಳ್ಳಿ, ಬಳ್ಳಿಯ ತುದಿಗೆ ಹೂಜಿ, ಹೂಜಿಗೆ ಮುಚ್ಚಳ. ಈ ಎರಡು ಪಾಠಗಳಿಗೆ ನಂಟಿದೆ ಅಂತ ನನಗೆ ತೋರಿಸಿದ್ದು ಅತ್ತೆಯವರ ಬ್ಯಾಳಿಯ ಮಾತು. ಅದರ ಬೆನ್ನು ಹತ್ತಿ ಹೋದಾಗ ತಿಳಿದದ್ದು ಇದು: ಗಿಡ ನಮ್ಮ ಸೀಮೆಗೆ ಹೊಸದು, ಆದರೆ ಅದಕ್ಕೆ ಬೇಕಾದ ನೀರನ್ನು ಹಿಡಿಯುವ, ತಂಪು ಮಾಡಿ ಇಡುವ ವಿದ್ಯೆ ನಮ್ಮ ಮನೆಗಳಲ್ಲಿ ಬಹಳ ಹಳೆಯದು.

ಮೊದಲು ಸೀಮೆಯ ಮಾತು ಹೇಳಬೇಕು. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳನ್ನು ಒಂದು ದಾರಕ್ಕೆ ಪೋಣಿಸಿದ್ದು ಮಲಪ್ರಭೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಸಮುದ್ರಮಟ್ಟದಿಂದ ಸುಮಾರು 792 ಮೀಟರ್ ಎತ್ತರದಲ್ಲಿ ಹುಟ್ಟಿ, 304 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಹುಟ್ಟಿದಲ್ಲಿ ಅವಳದು ಮಲೆನಾಡು, ಮಳೆಗಾಲದಲ್ಲಿ ನಾಲ್ಕು ತಿಂಗಳು ಸೂರ್ಯನ ಮುಖ ಕಾಣುವುದಿಲ್ಲ. ಕಿತ್ತೂರಿನ ಹೊತ್ತಿಗೆ ಕಾಡು ಹಿಂದೆ ಉಳಿಯುತ್ತದೆ. ಬೈಲಹೊಂಗಲಕ್ಕೆ ಎರೆಭೂಮಿ, ಹತ್ತಿ, ಜೋಳ. ರಾಮದುರ್ಗಕ್ಕೆ ಬರುವಷ್ಟರಲ್ಲಿ ವರ್ಷದ ಮಳೆ ಆರುನೂರು ಮಿಲಿಮೀಟರಿನ ಆಸುಪಾಸು, ಅದೂ ಬಂದರೆ ಬಂತು. ಒಂದೇ ಜಿಲ್ಲೆ, ಒಂದೇ ನದಿ. ಬಸ್ಸಿನಲ್ಲಿ ಅರ್ಧ ದಿನದ ಹಾದಿಯಲ್ಲಿ ನೀರಿನ ಮಾತೇ ಬದಲಾಗಿಬಿಡುತ್ತದೆ.

“ಟೀಚರ್, ಹುಳ ತಿನ್ನೂ ಗಿಡ ಎಲ್ಲೆ ಅದಾವ್ರಿ?” ಅಂತ ಮಕ್ಕಳು ಕೇಳಿದಾಗ ಮೊದಮೊದಲು ನಾನು “ಅಸ್ಸಾಮಿನ ಕಡೆ” ಅನ್ನುತ್ತಿದ್ದೆ. ಹೂಜಿ ಗಿಡದ ಮಟ್ಟಿಗೆ ಅದು ಬಹುಪಾಲು ಸರಿ. ಭಾರತದಲ್ಲಿ ಕಾಡಿನಲ್ಲಿ ಬೆಳೆಯುವ ಹೂಜಿ ಗಿಡ ಒಂದೇ ಜಾತಿಯದು, ಅದರ ತವರು ಇಂದಿನ ಮೇಘಾಲಯ. ಆದರೆ ಹುಳ ಹಿಡಿಯುವ ಬೇರೆ ಗಿಡಗಳು ನಮ್ಮ ನದಿಯ ತಲೆಯ ಮೇಲೇ ಇದ್ದವು. ಒಂದು ಸೆಪ್ಟೆಂಬರಿನಲ್ಲಿ ಮಕ್ಕಳನ್ನು ಜಾಂಬೋಟಿಯ ಕಡೆಗೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ಕೆಂಪು ಜಂಬಿಟ್ಟಿಗೆಯ ಬಯಲು, ಮೇಲೆ ಬೆರಳಷ್ಟು ದಪ್ಪ ನೀರಿನ ಪದರ, ಅದರ ತುಂಬ ನೀಲಿ ನೇರಳೆ ಬಣ್ಣದ ಸಣ್ಣ ಹೂ. ಆ ಹೂವಿನ ಗಿಡವೇ ಯುಟ್ರಿಕ್ಯುಲೇರಿಯಾ. ನೆಲದೊಳಗೆ ಅದಕ್ಕೆ ಸಾಸಿವೆಗಿಂತ ಸಣ್ಣ ಚೀಲಗಳು. ನೀರಿನ ಹುಳ ತಾಗಿದ ಕೂಡಲೇ ಬಾಗಿಲು ತೆರೆದು ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಒಳಗೆ ಎಳೆದುಕೊಳ್ಳುತ್ತವೆ. ಹಿಡಿದು ತೋರಿಸುವಂಥದ್ದಲ್ಲ. ಆದರೆ ಕಿತ್ತೂರಿನ ಹತ್ತಿರದ ಹಳ್ಳಿಯ ಒಬ್ಬ ಹುಡುಗ ಮೊಣಕಾಲೂರಿ ಕುಳಿತು, “ಟೀಚರ್, ಇಲ್ಲಿ ಇಬ್ಬನಿ ಆರೇ ಇಲ್ರಿ” ಅಂತ ಕೂಗಿದ. ಹನ್ನೆರಡು ಗಂಟೆಯ ಬಿಸಿಲು. ರೂಪಾಯಿ ನಾಣ್ಯದಷ್ಟು ಅಗಲಕ್ಕೆ ನೆಲಕ್ಕೆ ಅಂಟಿಕೊಂಡ ಕೆಂಪು ಗಿಡ, ಎಲೆಯ ಒಂದೊಂದು ಕೂದಲ ತುದಿಗೂ ಒಂದೊಂದು ಹನಿ. ಅದು ಡ್ರೊಸೆರಾ. ಹನಿ ನೀರಲ್ಲ, ಅಂಟು. ಒಂದು ಗುಂಗಾಡು ಅದರಲ್ಲಿ ಕಾಲು ಸಿಕ್ಕಿಸಿಕೊಂಡು ಎಳೆದಾಡುತ್ತಿತ್ತು, ಕೂದಲುಗಳು ಒಂದೊಂದಾಗಿ ಅದರ ಕಡೆಗೆ ಬಾಗುತ್ತಿದ್ದವು. ಮಕ್ಕಳು ಊಟ ಮರೆತು ಸುತ್ತ ಕುಳಿತರು. ಥಿಯೋಡೋರ್ ಕುಕ್ 1901ರಿಂದ 1908ರ ವರೆಗೆ ಹೊರತಂದ ಮುಂಬಯಿ ಪ್ರಾಂತದ ಸಸ್ಯಗಳ ದೊಡ್ಡ ಗ್ರಂಥದಲ್ಲಿ ಈ ಎರಡೂ ಕುಲಗಳಿವೆ. ಅದರಲ್ಲಿ ಗಿಡದಿಂದ ಗಿಡಕ್ಕೆ ಬೆಳಗಾವಿಯ ಹೆಸರೂ, ರಿಚಿ ಎಂಬ ಸಂಗ್ರಾಹಕನ ಹೆಸರೂ ಕಾಣುತ್ತವೆ. ನಮ್ಮ ನೆಲವನ್ನು ಯಾರೋ ಬಗ್ಗಿ ನೋಡಿ ಬರೆದಿಟ್ಟಿದ್ದರು. ನಾವು ಅಸ್ಸಾಮಿನ ಕಡೆ ಬೆರಳು ತೋರಿಸುತ್ತಿದ್ದೆವು. ಆ ಪ್ರವಾಸದ ನಂತರ ನಾನು ಹಾಗೆ ಹೇಳಲಿಲ್ಲ.

ಈ ಗಿಡಗಳೆಲ್ಲ ಹುಳ ಹಿಡಿಯುವುದಕ್ಕೆ ಕಾರಣ ಒಂದೇ. ಮಳೆ ಸುರಿದು ಸುರಿದು ನೆಲದ ಸತ್ವವನ್ನೆಲ್ಲ ತೊಳೆದುಬಿಟ್ಟ ಜಾಗದಲ್ಲಿ ಅವು ಬೆಳೆದು ಬಂದಿವೆ. ಬೇರಿಗೆ ಸಿಗದ ಸಾರಜನಕವನ್ನು ಎಲೆಯಿಂದ, ಹುಳದ ಮೈಯಿಂದ ಪಡೆಯುತ್ತವೆ. ಹಾಗಾಗಿ ಅವುಗಳ ಬೇರಿಗೆ ಉಪ್ಪಿನ, ಸುಣ್ಣದ ರೂಢಿಯೇ ಇಲ್ಲ. ನಮ್ಮ ಎರೆಭೂಮಿಯ ಆಳದ ನೀರು ಸುಣ್ಣದ ನೀರು. ಹೊಲ ಅಗೆದರೆ ಕೈಗೆ ಬರುವ ಬಿಳಿ ಹರಳೇ ಅದಕ್ಕೆ ಸಾಕ್ಷಿ. ನನ್ನ ಮೊದಲ ಗಿಡಕ್ಕೆ ನಾನು ದಿನಕ್ಕೆ ಎರಡು ಸಲ ಸುಣ್ಣ ಕುಡಿಸಿದ್ದೆ.

ಈಗ ಮನೆಯಲ್ಲಿ ಹೂಜಿ ಗಿಡ ಬೆಳೆಸುವ ರೂಢಿ ಎಲ್ಲಿಂದ ಬಂತು ಅನ್ನುವ ಮಾತಿಗೆ ಬರುತ್ತೇನೆ. ಬೈಲಹೊಂಗಲದವರಿಗೆ 1829 ಮರೆಯಲಾಗದ ವರ್ಷ. ಕಿತ್ತೂರಿನ ರಾಣಿ ಚೆನ್ನಮ್ಮ ಆ ವರ್ಷದ ಫೆಬ್ರುವರಿಯಲ್ಲಿ ನಮ್ಮೂರ ಕೋಟೆಯ ಸೆರೆಯಲ್ಲಿ ಕಣ್ಣು ಮುಚ್ಚಿದರು. ಅವರ ಸಮಾಧಿ ಇರುವುದು ಇಲ್ಲೇ. ಅದೇ ವರ್ಷ ಲಂಡನ್ನಿನಲ್ಲಿ ನಥಾನಿಯಲ್ ವಾರ್ಡ್ ಎಂಬ ವೈದ್ಯ ಪತಂಗದ ಗೂಡೊಂದನ್ನು ಹಸಿ ಮಣ್ಣಿನ ಜೊತೆ ಗಾಜಿನ ಬರಣಿಯಲ್ಲಿಟ್ಟು ಬಾಯಿ ಮುಚ್ಚಿದ್ದ. ಪತಂಗ ಏನಾಯಿತೋ, ಮಣ್ಣಿನಲ್ಲಿ ಒಂದು ಜರಿಗಿಡ ಮೊಳೆಯಿತು. ಲಂಡನ್ನಿನ ಕಲ್ಲಿದ್ದಲ ಹೊಗೆಯಲ್ಲಿ ಅವನು ಹಿತ್ತಲಲ್ಲಿ ಎಷ್ಟು ಹಚ್ಚಿದರೂ ಬದುಕದ ಜರಿಗಿಡ, ಬರಣಿಯೊಳಗೆ ನೀರು ಹಾಕದೆಯೂ ವರ್ಷಗಟ್ಟಲೆ ಬದುಕಿತು. ಹಗಲು ಮಣ್ಣಿನ ತೇವ ಆವಿಯಾಗಿ ಗಾಜಿಗೆ ಹತ್ತುತ್ತಿತ್ತು, ಮತ್ತೆ ಹನಿಯಾಗಿ ಮಣ್ಣಿಗೆ ಇಳಿಯುತ್ತಿತ್ತು. ಅದನ್ನೇ ದೊಡ್ಡದು ಮಾಡಿ ಗಾಜಿನ ಪೆಟ್ಟಿಗೆ ಕಟ್ಟಿದ. 1833ರಲ್ಲಿ ಅಂಥ ಪೆಟ್ಟಿಗೆಗಳಲ್ಲಿ ಗಿಡ ತುಂಬಿ ಹಡಗಿನಲ್ಲಿ ಸಿಡ್ನಿಗೆ ಕಳಿಸಿದಾಗ ಅವು ಹಸಿರಾಗಿಯೇ ಮುಟ್ಟಿದವು.

ಇದು ಸಣ್ಣ ಸಂಗತಿಯಲ್ಲ. ಚೀನಾದ ಚಹಾ ಗಿಡ ಹಿಮಾಲಯದ ತಪ್ಪಲಿಗೆ ಬಂದದ್ದು ಇಂಥ ಪೆಟ್ಟಿಗೆಗಳಲ್ಲಿ. ಸುಮಾತ್ರಾ, ಬೋರ್ನಿಯೋ ಕಾಡುಗಳ ಹೂಜಿ ಗಿಡಗಳು ಜೀವಸಹಿತ ಇಂಗ್ಲೆಂಡಿಗೆ ಹೋದದ್ದೂ ಹೀಗೇ. ಯುರೋಪಿನವರು ಈ ಗಿಡದ ಬಗ್ಗೆ ಕೇಳಿದ್ದು ಅದಕ್ಕಿಂತ ಬಹಳ ಹಿಂದೆ: ಮಡಗಾಸ್ಕರಿನ ಫ್ರೆಂಚ್ ಗವರ್ನರ್ ಫ್ಲಾಕೂರ್ 1658ರಲ್ಲೇ ಬರೆದಿದ್ದ. ಲಿನೇಯಸ್ 1737ರಲ್ಲಿ ‘ನೆಪೆಂಥಿಸ್’ ಅಂತ ಹೆಸರಿಟ್ಟ. ಹೋಮರನ ಕಾವ್ಯದಲ್ಲಿ ಹೆಲೆನ್ ದುಃಖ ಮರೆಸಲು ಕೊಡುವ ಔಷಧಿಯ ಹೆಸರದು. ಆದರೆ ಮನೆಯಲ್ಲಿ ಬೆಳೆಸುವ ಹುಚ್ಚು ಹಿಡಿದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ವೀಚ್ ಎಂಬ ಮನೆತನದ ನರ್ಸರಿ ಗಿಡ ಹುಡುಕುವವರನ್ನು ಸಂಬಳ ಕೊಟ್ಟು ಆಗ್ನೇಯ ಏಷ್ಯದ ಕಾಡುಗಳಿಗೆ ಕಳಿಸುತ್ತಿತ್ತು. ಶ್ರೀಮಂತರು ಕಲ್ಲಿದ್ದಲಿನ ಬಾಯ್ಲರು ಹಚ್ಚಿ ಗಾಜಿನ ಮನೆ ಕಾಯಿಸಿ ಈ ಗಿಡ ಬೆಳೆಸಿದರು. ಬೆಟ್ಟದ ಮೇಲಿನ ತಂಪಿನಲ್ಲಿ ಬೆಳೆದ ಎಷ್ಟೋ ಜಾತಿಗಳು ಆ ಸೆಕೆಯಲ್ಲಿ ಸತ್ತವು. ಸತ್ತಷ್ಟೂ ಮತ್ತೆ ಕಾಡಿನಿಂದ ಕಿತ್ತು ತರಿಸಿದರು. ಇದನ್ನು ಓದುವಾಗ ನನಗೆ ಸಂಕಟವಾಗುತ್ತದೆ. ಗಿಡ ಹುಟ್ಟಿದ ಊರಿನ ಗಾಳಿ ಹೇಗಿದೆ ಅಂತ ಕೇಳದೆ ಸಾಕಲು ಹೊರಟರೆ ಆಗುವುದು ಇದೇ, ನನ್ನ ಹಿತ್ತಲಲ್ಲಿ ಆದದ್ದೂ ಇದೇ. 1914ರಲ್ಲಿ ಮಹಾಯುದ್ಧ ಬಂತು. ಕಲ್ಲಿದ್ದಲು, ಕೆಲಸಗಾರರು ಎರಡೂ ಸಿಗದಾದವು. ವೀಚ್ ಮನೆತನದ ಚೆಲ್ಸಿ ನರ್ಸರಿಯೂ ಆ ವರ್ಷವೇ ಮುಚ್ಚಿತು.

ನಮ್ಮ ದೇಶದ ಹೂಜಿ ಗಿಡದ ಕಥೆಯಲ್ಲಿ ದೊಡ್ಡ ಹೆಸರು ಜೋಸೆಫ್ ಹೂಕರ್. 1850ರಲ್ಲಿ ಖಾಸಿ ಬೆಟ್ಟಗಳಲ್ಲಿ ಸುತ್ತಿದವನು, ಮುಂದೆ ಲಂಡನ್ನಿನ ಕ್ಯೂ ತೋಟದ ಮುಖ್ಯಸ್ಥನಾದ. 1873ರಲ್ಲಿ ಈ ಗಿಡಕ್ಕೆ ‘ನೆಪೆಂಥಿಸ್ ಖಾಸಿಯಾನ’ ಅನ್ನುವ ಹೆಸರು ಕೊಟ್ಟವನು ಅವನೇ. ಅಷ್ಟು ದಿನ ಹೂಜಿಯೊಳಗಿನ ಹುಳ ಕೊಳೆಯುತ್ತದೋ, ಜೀರ್ಣವಾಗುತ್ತದೋ ಅನ್ನುವುದು ಯಾರಿಗೂ ಖಚಿತವಿರಲಿಲ್ಲ. ಹೂಕರ್ ಮೊಟ್ಟೆಯ ಬಿಳಿಭಾಗದ ತುಂಡು, ಮಾಂಸದ ತುಂಡು ಹೂಜಿಯೊಳಗೆ ಹಾಕಿ ದಿನದಿನವೂ ನೋಡಿದ. ಅವು ಅಂಚಿನಿಂದ ಕರಗುತ್ತ ಬಂದವು. 1874ರಲ್ಲಿ ಬೆಲ್‌ಫಾಸ್ಟಿನ ವಿಜ್ಞಾನ ಸಭೆಯಲ್ಲಿ ಅದನ್ನು ಹೇಳಿದ. ಮರುವರ್ಷ ಅವನ ಗೆಳೆಯ ಡಾರ್ವಿನ್ ಕೀಟಾಹಾರಿ ಸಸ್ಯಗಳ ಮೇಲಿನ ತನ್ನ ಪುಸ್ತಕ ಹೊರತಂದ. ಅದರ ಬಹುಪಾಲು ಜಾಂಬೋಟಿಯಲ್ಲಿ ನಮ್ಮ ಹುಡುಗ ಕಂಡ ಡ್ರೊಸೆರಾದ ಕುಲದ ಬಗ್ಗೆಯೇ ಇದೆ.

ಬೆಟ್ಟದ ಜನಕ್ಕೆ ಹೂಕರ್ ಬೇಕಿರಲಿಲ್ಲ. ಗಾರೋ ಭಾಷೆಯಲ್ಲಿ ಈ ಗಿಡ ‘ಮೆಮಾಂಗ್ ಕೊಕ್ಸಿ’, ಅಂದರೆ ದೆವ್ವದ ಬುಟ್ಟಿ. ಖಾಸಿಗಳು ‘ತಿಯೆವ್ ರಾಕೋತ್’, ರಾಕ್ಷಸನ ಹೂ ಅನ್ನುತ್ತಾರೆ. ಇನ್ನೂ ಬಾಯಿ ತೆರೆಯದ ಹೂಜಿಯೊಳಗಿನ ನೀರನ್ನು ಕಣ್ಣಿನ ಬೇನೆಗೆ ಹಾಕುವ ರೂಢಿ ಅವರಲ್ಲಿದೆ. ದೆವ್ವದ ಬುಟ್ಟಿ ಅಂದರೂ ಅದರ ನೀರಿಗೆ ಬೆಲೆ ಕೊಟ್ಟವರು. ನಮ್ಮ ಪಠ್ಯಪುಸ್ತಕದವರು ‘ಹೂಜಿ ಗಿಡ’ ಅನ್ನುವ ಹೆಸರು ಆರಿಸಿದ್ದು ನನಗೆ ಹೆಚ್ಚು ಇಷ್ಟ. ಹೂಜಿ ಅಂದರೆ ಬೇಸಿಗೆಯಲ್ಲಿ ನೀರು ತಂಪಾಗಿಡುವ ಮಣ್ಣಿನ ಪಾತ್ರೆ, ಉದ್ದ ಕೊರಳು, ಸಣ್ಣ ಬಾಯಿ. ಅದರಲ್ಲಿ ಹೆದರಿಕೆ ಇಲ್ಲ.

ಪಾತ್ರೆಯ ಮಾತು ಬಂದರೆ ಈ ಸೀಮೆಯವರಿಗೆ ಮೊದಲು ನೆನಪಾಗುವವಳು ಎಲ್ಲಮ್ಮ. ನನ್ನ ತವರು ಸವದತ್ತಿ. ಗುಡ್ಡಕ್ಕೆ ಹೋಗುವ ಜನರ ಉಧೋ ಉಧೋ ಕೇಳುತ್ತಲೇ ಬೆಳೆದವಳು ನಾನು. ಆ ಎಲ್ಲಮ್ಮನೇ ರೇಣುಕೆ. ಅವಳು ದಿನಾ ನಸುಕಿನಲ್ಲಿ ಮಲಪ್ರಭೆಗೆ ಹೋಗಿ, ಹಸಿ ಉಸುಕಿನಿಂದಲೇ ಕೊಡ ಮಾಡಿ, ಹಾವನ್ನು ಸಿಂಬಿಯಾಗಿ ಸುತ್ತಿ ತಲೆಯ ಮೇಲಿಟ್ಟು, ಗಂಡ ಜಮದಗ್ನಿಯ ಪೂಜೆಗೆ ನೀರು ತರುತ್ತಿದ್ದಳು. ಒಂದು ದಿನ ಮನಸ್ಸು ಕದಲಿತು, ಕೊಡ ನಿಲ್ಲಲಿಲ್ಲ, ಉಸುಕು ಉಸುಕಾಗಿಯೇ ಉಳಿಯಿತು. ನಮ್ಮ ಅವ್ವ ಈ ಕಥೆ ಹೇಳುವಾಗ ಕುಡಿಯುವ ನೀರಿನ ಮಣ್ಣಿನ ಹರವಿ ತೊಳೆಯುತ್ತಿದ್ದಳು. ನೀರು ನಿಲ್ಲುವುದು ಎಷ್ಟು ನಾಜೂಕಿನ ಕೆಲಸ ಅನ್ನುವುದು ಚಿಕ್ಕವಳಿದ್ದಾಗ ನನಗೆ ಈ ಕಥೆಯಿಂದ ತಿಳಿದದ್ದು.

ನಮ್ಮ ಮನೆಯ ಹರವಿಗಳು ಖಾನಾಪುರದವು. ಅಲ್ಲಿನ ಮಣ್ಣಿಗೆ, ಅಲ್ಲಿನ ಕುಂಬಾರರ ಕೈಗೆ ಮೊದಲಿಂದಲೂ ಹೆಸರಿದೆ. ಖಾದಿ ಗ್ರಾಮೋದ್ಯೋಗ ಆಯೋಗ ಕುಂಬಾರಿಕೆಯ ಕೇಂದ್ರ ಸಂಸ್ಥೆಯನ್ನು ಖಾನಾಪುರದಲ್ಲೇ ಇಟ್ಟದ್ದು ಸುಮ್ಮನೆ ಅಲ್ಲ. ಹರವಿ ಕೊಳ್ಳುವಾಗ ಅವ್ವ ಬೆರಳಿನ ಗೆಣ್ಣಿನಿಂದ ಬಡಿದು ನಾದ ಕೇಳುತ್ತಿದ್ದಳು. ಮಂದ ನಾದವಿದ್ದರೆ ಸೀಳು ಇದೆ ಅಂತ ಬಿಡುತ್ತಿದ್ದಳು. ಹೊಸ ಹರವಿಯಲ್ಲಿ ಮೂರು ದಿನ ನೀರು ತುಂಬಿ ಚೆಲ್ಲಿ, ನಾಲ್ಕನೆಯ ದಿನ ಕುಡಿಯಲು ಇಡಬೇಕು. ಒಳಕೋಣೆಯ ಮೂಲೆಯಲ್ಲಿ ನೀರಿನ ಕಟ್ಟೆ, ಕಟ್ಟೆಯ ಮೇಲೆ ನಾಲ್ಕು ಬೆರಳು ಉಸುಕು, ಉಸುಕಿನ ಮೇಲೆ ಹರವಿ. ಹರವಿಯ ಮೈ ಬೆವರಿ ಉಸುಕು ಯಾವಾಗಲೂ ಒದ್ದೆ. ಬೇಸಿಗೆ ಬಂದರೆ ಅವ್ವ ಆ ಒದ್ದೆ ಉಸುಕಿಗೆ ಕೊತ್ತಂಬರಿ ಬೀಜ ಚೆಲ್ಲುತ್ತಿದ್ದಳು. ಹೊರಗೆ ನೆಲ ಬಾಯಿ ಬಿಟ್ಟ ಏಪ್ರಿಲ್ ತಿಂಗಳಲ್ಲಿ, ಹರವಿಯ ಸುತ್ತ ಹಸಿರು ಎದ್ದಿರುತ್ತಿತ್ತು. ವಾರ್ಡನ ಬರಣಿಯ ಕಥೆ ಓದಿದಾಗ ನನಗೆ ನೆನಪಾದದ್ದು ಈ ಕೊತ್ತಂಬರಿ. ಅವನು ತೇವವನ್ನು ಗಾಜಿನಿಂದ ಕಟ್ಟಿಹಾಕಿದ. ನಮ್ಮವರು ಮಣ್ಣಿನಿಂದ ಮೆಲ್ಲಗೆ ಬಿಟ್ಟುಕೊಟ್ಟರು.

ಇನ್ನು ಮಳೆನೀರು. ಸವದತ್ತಿಯ ನಮ್ಮ ಮನೆ ಮಣ್ಣಿನ ಮಾಳಿಗೆಯದು, ಹರನಾಳಿಗೆಯಲ್ಲಿ ಬರುವ ನೀರು ಕೆಂಪಗೆ. ಅದು ದನಕ್ಕೆ, ಬಟ್ಟೆಗೆ. ಬ್ಯಾಳಿ ಬೇಯಿಸುವ ನೀರು ಹಿಡಿಯುವ ಬಗೆ ಬೇರೆ. ಮಿರಗದ, ಅಂದರೆ ಮೃಗಶಿರದ, ಮೊದಲ ಎರಡು ಮಳೆ ಬಿಟ್ಟು, ಮುಗಿಲು ತೊಳೆದ ಮೇಲೆ, ಅಂಗಳದಲ್ಲಿ ನಾಲ್ಕು ಗೂಟ ನೆಟ್ಟು ಅಪ್ಪನ ಹಳೆಯ ಬಿಳಿ ಧೋತರದ ನಾಲ್ಕು ತುದಿ ಕಟ್ಟುತ್ತಿದ್ದರು. ನಡುವೆ ಒಂದು ಬೆಣಚುಕಲ್ಲು ಇಟ್ಟರೆ ಬಟ್ಟೆ ಅಲ್ಲಿ ಜೋಲುತ್ತದೆ. ಅದರ ಕೆಳಗೆ ಹರವಿ. ಮಳೆ ಬಟ್ಟೆಯ ಮೇಲೆ ಬಿದ್ದು, ಸೋಸಿ, ಕಲ್ಲಿನ ಕೆಳಗಿನಿಂದ ಒಂದೇ ಧಾರೆಯಾಗಿ ಇಳಿಯುವುದನ್ನು ನೋಡುತ್ತ ನಾವು ಮಕ್ಕಳು ಹೊಸ್ತಿಲಲ್ಲಿ ಕೂರುತ್ತಿದ್ದೆವು. ಹರವಿ ತುಂಬಿದರೆ ಬಾಯಿಗೆ ಅರಿವೆ ಕಟ್ಟಿ ಕತ್ತಲ ಕೋಣೆಗೆ ಸಾಗಿಸುವುದು. ಆ ನೀರಿನಲ್ಲಿ ತೊಗರಿಬ್ಯಾಳಿ ಹೂವಿನ ಹಾಗೆ ಅರಳಿ ಬೇಯುತ್ತಿತ್ತು. ಭಾವಿಯ ಸವಳು ನೀರಿನಲ್ಲಿ ಎರಡು ಪಟ್ಟು ಕಟ್ಟಿಗೆ ಸುಟ್ಟರೂ ನಡುವಿನಲ್ಲಿ ಗಟ್ಟಿ ಉಳಿಯುತ್ತಿತ್ತು. ಗಡಸು ನೀರು, ಮೃದು ನೀರು ಅನ್ನುವ ಪಾಠವನ್ನು ನಮ್ಮ ಹೆಣ್ಣುಮಕ್ಕಳು ಒಲೆಯ ಮುಂದೆ ಕಲಿತಿದ್ದರು.

1972ರ ಬರದಲ್ಲಿ ನನಗೆ ಹದಿನಾಲ್ಕು ವರ್ಷ. ಆ ಹೊತ್ತಿಗೆ ನವಿಲುತೀರ್ಥದ ಅಣೆಕಟ್ಟು ಎದ್ದಿತ್ತು, ರೇಣುಕಾಸಾಗರ ಅ‌ನ್ನುವ ಹೆಸರು ಬಾಯಿಗೆ ಬಂದಿತ್ತು. ಬರದ ನಂತರ ಊರೂರಿಗೆ ಬೋರ್ ಕೊರೆಯುವ ಯಂತ್ರ ಬಂತು, ನಲ್ಲಿ ಬಂತು. ತಲೆಯ ಮೇಲಿನ ಕೊಡ ಇಳಿಯಿತು, ಅದು ಸಣ್ಣ ಸುಖವಲ್ಲ. ಮೈಲಿಗಟ್ಟಲೆ ನೀರು ಹೊತ್ತ ಅವ್ವನ ಕುತ್ತಿಗೆ ನೋವು ನಾನು ಕಂಡಿದ್ದೇನೆ. ಆದರೆ ಕೊಡದ ಜೊತೆ ಧೋತರವೂ ಗಂಟುಮೂಟೆ ಸೇರಿತು. ಮಾಳಿಗೆ ಹೋಗಿ ಸ್ಲ್ಯಾಬ್ ಬಂತು, ನೀರಿನ ಕಟ್ಟೆಯ ಜಾಗಕ್ಕೆ ಫ್ರಿಜ್ ಬಂತು, ಮಳೆನೀರು ಪೈಪಿನಲ್ಲಿ ಗಟಾರಕ್ಕೆ ಹೋಯಿತು. ಈಗ ನಾಣ್ಯ ಹಾಕಿ ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿಕೊಂಡು ಬರುತ್ತೇವೆ, ಅದರಲ್ಲೇ ಬ್ಯಾಳಿ ಬೇಯಿಸುತ್ತೇವೆ.

ನಿವೃತ್ತಿಯಾದ ವರ್ಷ, 2018ರ ಜೂನಿನಲ್ಲಿ, ಎರಡನೆಯ ಗಿಡ ತಂದೆ. ಈ ಸಲ ಕೇಳಿ ತಿಳಿದು ತಂದೆ. ಮೇಘಾಲಯದ ನಮ್ಮ ಹೂಜಿ ಗಿಡವನ್ನು ಪರವಾನಿಗೆ ಇಲ್ಲದೆ ಮನೆಯಲ್ಲಿ ಬೆಳೆಸುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ತಿದ್ದುಪಡಿ ತಂದಾಗ ರಕ್ಷಣೆ ಕೊಟ್ಟ ಆರು ಸಸ್ಯಗಳಲ್ಲಿ ಅದೂ ಒಂದು. ಕಾಡಿನಿಂದ ಕಿತ್ತ ಗಿಡದ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಕಟ್ಟುನಿಟ್ಟಿನ ನಿಷೇಧವಿದೆ. ಅದು ಸರಿಯಾದ ಕಾನೂನು. ಸಂಗ್ರಹಕಾರರ ಆಸೆಗೆ, ಗಣಿಗೆ, ಬೆಂಕಿಗೆ ಸಿಕ್ಕು ಆ ಗಿಡ ಬಹಳ ಸೊರಗಿದೆ. ನರ್ಸರಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ‘ವೆಂಟ್ರಾಟಾ’ ಅನ್ನುವ ಮಿಶ್ರತಳಿ. ಫಿಲಿಪೀನ್ಸಿನ ಎರಡು ಜಾತಿಗಳು ಕೂಡಿ ಆದದ್ದು, ಪ್ರಯೋಗಾಲಯದಲ್ಲಿ ಅಂಗಾಂಶ ಕೃಷಿಯಿಂದ ಸಾವಿರಗಟ್ಟಲೆ ಬೆಳೆಸುತ್ತಾರೆ, ಕಾಡಿಗೆ ಕೈ ಹಾಕಬೇಕಿಲ್ಲ. ಸೆಕೆಗೂ ಚಳಿಗೂ ತಡೆದುಕೊಳ್ಳುವ ಗಟ್ಟಿ ಗಿಡ. ಇದನ್ನು ಕೊಳ್ಳುವವರು ಹೆಸರು ಕೇಳಿಯೇ ಕೊಳ್ಳಬೇಕು ಅಂತ ಕೈಮುಗಿದು ಹೇಳುತ್ತೇನೆ.

ಅತ್ತೆಯವರು ತಾವೇ ಮುಂದೆ ನಿಂತು ಅಟ್ಟದ ಮೇಲಿನ ಎರಡು ಖಾನಾಪುರದ ಹರವಿ ಇಳಿಸಿದರು. ಬೇವಿನ ಗಿಡದ ಕೆಳಗೆ ಇಟ್ಟಂಗಿ ಹೊಂದಿಸಿ, ಉಸುಕು ಹಾಸಿ, ಹರವಿಗಳನ್ನು ಕೂರಿಸಿ, ನಡುವೆ ಹೂಜಿ ಗಿಡದ ಕುಂಡ. ಹರವಿಗಳಿಗೆ ಬೋರಿನ ನೀರೇ ಸಾಕು, ಅವು ಗಾಳಿಗೆ ತೇವ ಕೊಟ್ಟರೆ ಆಯಿತು. ಗಿಡಕ್ಕೆ ಮಾತ್ರ ಮಳೆನೀರು. ಕುಂಡದೊಳಗೆ ಮಣ್ಣು ಇಲ್ಲವೇ ಇಲ್ಲ: ತೆಂಗಿನ ಸಿಪ್ಪೆಯ ಚೂರನ್ನು ಮಳೆನೀರಿನಲ್ಲಿ ಎಂಟು ದಿನ ನೆನೆಸಿ, ಕೆಂಪು ನೀರು ಬರುವುದು ನಿಲ್ಲುವ ವರೆಗೆ ಚೆಲ್ಲಿ, ಇದ್ದಿಲ ಚೂರು ಬೆರೆಸಿದ್ದು. ಗೊಬ್ಬರ ಹಾಕಬಾರದು. ಸ್ಲ್ಯಾಬಿನ ಪೈಪಿಗೆ ಎರಡು ಬ್ಯಾರಲ್ ಜೋಡಿಸಿದೆ, ಒಂದೊಂದು ಇನ್ನೂರು ಲೀಟರಿನದು. ದಿನಕ್ಕೆ ಒಂದು ಚರಿಗೆ ಲೆಕ್ಕ ಹಿಡಿದರೂ ಅಕ್ಟೋಬರಿನಿಂದ ಮುಂದಿನ ಮಿರಗದ ತನಕ ಸಾಕಾಗಿ ಮಿಗುತ್ತದೆ. ಮೊಮ್ಮಗಳು ನೀರಿನ ಉಪ್ಪಿನಂಶ ಅಳೆಯುವ ಸಣ್ಣ ಕಡ್ಡಿ ತಂದು ಅದ್ದಿ ನೋಡಿದಳು: ಬೋರಿನ ನೀರು ಸಾವಿರದ ಮೇಲೆ, ಬ್ಯಾರಲಿನ ಮಳೆನೀರು ಇಪ್ಪತ್ತೆರಡು. ಅತ್ತೆಯವರು ಆ ಅಂಕಿ ಕೇಳಿ ತಲೆಯಾಡಿಸಿ, ಒಂದು ಚರಿಗೆ ಮಳೆನೀರು ಒಳಗೆ ಒಯ್ದು ಬ್ಯಾಳಿಗೆ ಇಟ್ಟರು.

ಆ ಆಗಸ್ಟಿನಲ್ಲಿ ಮೊದಲ ಹೂಜಿ ಬಂತು. ಎಲೆಯ ತುದಿಯ ಬಳ್ಳಿ ಕೆಳಗೆ ಇಳಿದು, ಕೊನೆಗೆ ಗಾಳದಂತೆ ಮೇಲಕ್ಕೆ ಬಾಗಿತು. ಬಾಗಿದ ತುದಿ ಮೊದಲು ಅಕ್ಕಿಕಾಳಿನಷ್ಟು, ಮೇಲೆಲ್ಲ ಕಂದು ನವಿರು. ವಾರದಲ್ಲಿ ಚಪ್ಪಟೆಯಾಗಿ, ಮತ್ತೊಂದು ವಾರದಲ್ಲಿ ಉಬ್ಬಿ, ಮುಚ್ಚಿದ ಮುಚ್ಚಳದ ಕೆಳಗೆ ಹಸಿರು ಹೊಟ್ಟೆ ಕಾಣಿಸಿತು. ಬೆಳಕಿಗೆ ಹಿಡಿದರೆ ಒಳಗೆ ನೀರಿನ ಗೆರೆ. ಬಾಯಿ ತೆರೆಯುವ ಮೊದಲೇ ಗಿಡ ತನ್ನ ನೀರನ್ನು ತಾನೇ ತುಂಬಿಕೊಂಡಿತ್ತು. ಒಂದು ಮುಂಜಾನೆ ಮುಚ್ಚಳ ಬಿಟ್ಟುಕೊಂಡಿತ್ತು, ಅಂಚು ಇನ್ನೂ ಮೆತ್ತಗೆ. ಎರಡು ದಿನದಲ್ಲಿ ಅಂಚು ಹೊರಕ್ಕೆ ಸುರುಳಿಯಾಗಿ, ಕೆಂಪಗಾಗಿ, ಎಣ್ಣೆ ಸವರಿದಂತೆ ಹೊಳೆಯಿತು. ಇರುವೆ ಒಣ ಅಂಚಿನ ಮೇಲೆ ಆರಾಮ ಓಡಾಡುತ್ತದೆ. ತುಂತುರು ಬಿದ್ದು ಅಂಚು ಒದ್ದೆಯಾದರೆ ಕಾಲು ನಿಲ್ಲುವುದಿಲ್ಲ, ಜಾರಿ ಒಳಗೆ. ಕೇರಳದ ಪಾಲೋಡಿನ ಉಷ್ಣವಲಯ ಸಸ್ಯೋದ್ಯಾನದ ವಿಜ್ಞಾನಿಗಳು 2013ರಲ್ಲಿ ಇನ್ನೊಂದು ಸಂಗತಿ ತೋರಿಸಿದರು: ನೇರಳಾತೀತ ಬೆಳಕಿನಲ್ಲಿ ಖಾಸಿಯಾನದಂಥ ಹೂಜಿಗಳ ಬಾಯಂಚು ನೀಲಿಯಾಗಿ ಹೊಳೆಯುತ್ತದೆ, ಆ ಹೊಳಪೂ ಹುಳವನ್ನು ಕರೆಯುತ್ತದೆ.

ಮಳೆಗಾಲದಲ್ಲಿ ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ ಒಮ್ಮೆ ಈ ಹೂಜಿಗಳನ್ನು ಕಂಡು ನಿಂತರು. “ಅಕ್ಕಾರ, ನೀರು ನಿಂದ್ರಸಬ್ಯಾಡ್ರಿ ಅಂತ ಹೇಳೀನಲ್ರಿ. ಡೆಂಗಿ ಭಾಳ ಐತ್ರಿ ಈ ಸಲ” ಅಂದರು. ಅವರ ಮಾತು ಸರಿ. ಬ್ಯಾರಲಿನ ಬಾಯಿಗೆ ಸೊಳ್ಳೆ ಪರದೆಯ ಬಟ್ಟೆ ಬಿಗಿಯಾಗಿ ಕಟ್ಟಿದ್ದನ್ನು, ಹರವಿಯ ಬಾಯಿಯ ಅರಿವೆಯನ್ನು ತೋರಿಸಿದೆ. ಅವರು ಮೊಬೈಲಿನ ಟಾರ್ಚ್ ಹಾಕಿ ಒಂದೊಂದು ಹೂಜಿಯೊಳಗೂ ಇಣುಕಿದರು. ಲಾರ್ವಾ ಇರಲಿಲ್ಲ, ಕರಗುತ್ತಿದ್ದ ಇರುವೆಗಳಿದ್ದವು. “ನಮ್ಮ ಹುಡುಗಿಗೆ ತೋರಸ್ತೀನ್ರಿ” ಅಂತ ಫೋಟೋ ತೆಗೆದುಕೊಂಡು ಹೋದರು. ಅವತ್ತಿನಿಂದ ಪ್ರತಿ ಮಳೆಗಾಲ ಹೂಜಿಗಳನ್ನು ನಾನೇ ಮೊದಲು ಪರೀಕ್ಷಿಸುತ್ತೇನೆ.

2019ರ ಆಗಸ್ಟಿನಲ್ಲಿ ಮಲಪ್ರಭೆ ತುಂಬಿ ಬಂದಳು. ಮೇಲೆ ಖಾನಾಪುರದ ಕಾಡಿನಲ್ಲಿ ಸುರಿದದ್ದೆಲ್ಲ ನವಿಲುತೀರ್ಥದಲ್ಲಿ ನಿಲ್ಲದೆ ಕೆಳಗೆ ಇಳಿದು, ಮುನವಳ್ಳಿಗೆ ನುಗ್ಗಿತು, ರಾಮದುರ್ಗಕ್ಕೆ ನುಗ್ಗಿತು. ಅತ್ತೆಯವರ ತವರಿನಲ್ಲಿ, ಅವರ ತಮ್ಮನ ಮಗಳ ಮನೆಯಲ್ಲಿ, ಎದೆಮಟ್ಟದ ನೀರು ಎರಡು ದಿನ ನಿಂತಿತ್ತು. ಮಗ್ಗದ ಕುಣಿ ತುಂಬ ಕೆಸರು. ಕಾಳು ಕಡಿ, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲ ಹೋಯಿತು. ಅಷ್ಟು ನೀರಿನ ನಡುವೆ ಕುಡಿಯಲು ಒಂದು ತಂಬಿಗೆ ನೀರಿರಲಿಲ್ಲ. ನಾವು ಹೋದಾಗ ಅವಳು ಕೆಸರು ಬಳಿಯುತ್ತಿದ್ದಳು, ಅತ್ತೆಯವರನ್ನು ಕಂಡು “ಅತ್ತೀ” ಅಂತ ಅಪ್ಪಿಕೊಂಡಳು. ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ಮಾರನೆಯ ವರ್ಷ ಅವಳ ಮನೆ ರಿಪೇರಿಯಾಗಿ ಒಲೆ ಹೊತ್ತಿದ ಮೇಲೆ, ನನ್ನ ಗಿಡದ ಒಂದು ತುಂಡು ಬೇರು ಬಿಡಿಸಿ ಕಳಿಸಿದೆ. ಅವಳ ಮಗಳು ಎಂಟನೆಯ ಇಯತ್ತೆ, ವಿಜ್ಞಾನದಲ್ಲಿ ಚುರುಕು. ಮಣ್ಣು ಹಾಕಬ್ಯಾಡ, ಬೋರಿನ ನೀರು ಹಾಕಬ್ಯಾಡ ಅಂತ ಚೀಟಿ ಬರೆದು ಕುಂಡಕ್ಕೆ ಕಟ್ಟಿದ್ದೆ. ಮಳೆನೀರು ಎಲ್ಲಿಂದ ತರೂದು ಅಂತ ಹುಡುಗಿ ಫೋನಿನಲ್ಲಿ ಕೇಳಿದಾಗ, ಅತ್ತೆಯವರು ಫೋನ್ ಇಸಿದುಕೊಂಡರು.

“ನಿಮ್ಮಪ್ಪನ ಧೋತರ ಐತೇನ? ಬಿಳೀದು ನೋಡ. ನಾಕ ಗೂಟಕ್ಕ ಕಟ್ಟ, ನಡುವ ಒಂದ ಕಲ್ಲ ಇಡ. ಬೆಣಚಕಲ್ಲ ಆಗಬೇಕ, ಸುಣ್ಣದಕಲ್ಲ ಬ್ಯಾಡ” ಅಂದರು.

ಹುಡುಗಿ ಫೋನ್ ಇಡದೆ ಹಾಗೇ ಓಡಿದಳು. ಆಚೆ ಬದಿಯಿಂದ ಅಂಗಳದಲ್ಲಿ ಗೂಟ ಬಡಿಯುವ ಸದ್ದು ಕೇಳುತ್ತಿತ್ತು, ಅತ್ತೆಯವರು ಕಿವಿಗೆ ಫೋನ್ ಹಿಡಿದುಕೊಂಡು ಅದನ್ನು ಕೇಳುತ್ತ ಕುಳಿತರು.